ಹಿಣಿಲು ಎರಡು ಇಂಚು ದಾಟಿದರೆ

ದನದ ಜಾತ್ರೆಯಲ್ಲಿ ಹೋರಿ ಕೊಳ್ಳಲು ಬಂದವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಅವನ ಅಂಗೈ ಬೆನ್ನ ಮೇಲೆ ಜಾರಿಕೊಂಡು ಹೋಗಿ ಹಿಣಿಲಿನ ಹತ್ತಿರ ನಿಲ್ಲುತ್ತದೆ. ನೊಗ ಆನಿಕೊಳ್ಳುವ ಜಾಗ ಅದು. ಹಿಣಿಲು ಗಟ್ಟಿಯಾಗಿ ಎದ್ದು ನಿಂತಿದ್ದರೆ ರೇಟೂ ಏರುತ್ತದೆ. ಅಮೆರಿಕದ ಮಾಂಸದ ಕಾರ್ಖಾನೆಗಳಲ್ಲೂ ಹಿಣಿಲು ಅಳೆಯುತ್ತಾರೆ, ಲೆಕ್ಕ ಮಾತ್ರ ತಲೆಕೆಳಗು. ‘ಸರ್ಟಿಫೈಡ್ ಆಂಗಸ್ ಬೀಫ್’ ಎಂಬ ಮುದ್ರೆ ಬೀಳಬೇಕಾದರೆ, ಸುಲಿದು ಕೊಕ್ಕೆಗೆ ಹಾಕಿದ ದೇಹದಲ್ಲಿ ಹಿಣಿಲಿನ ಎತ್ತರ ಎರಡು ಇಂಚು ದಾಟಬಾರದು. ದಾಟಿತೋ, ಮುದ್ರೆ ಇಲ್ಲ.

1978ರಲ್ಲಿ ಶುರುವಾದ ಈ ಮುದ್ರೆಗೆ ಆಂಗಸ್ ಎಂಬ ಕಪ್ಪು ತಳಿಯ ವಂಶಾವಳಿಯ ಚೀಟಿ ಬೇಕೇ ಬೇಕು ಎಂದೇನಿಲ್ಲ. ಜೀವಂತವಿದ್ದಾಗ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಗಿದ್ದರೆ ಮೊದಲ ಬಾಗಿಲು ದಾಟಿದ ಹಾಗೆ. ಮೈ ಕಪ್ಪಗಿರಲಿ, ಹಿಣಿಲು ಮಾತ್ರ ಬೇಡ. ನಮ್ಮ ಕಡೆಯ ದನದ ಗುರುತಾದ ಹಿಣಿಲಿನ ಮೇಲೆ ಅವರಿಗೆ ಇಷ್ಟೊಂದು ಅನುಮಾನ ಯಾಕೆ ಎಂದು ಕೇಳುತ್ತ ಹೋದರೆ, ತಳಿಗಳನ್ನು ಹೋಲಿಸುವ ಇಡೀ ವಿದ್ಯೆಯೇ ಬಿಚ್ಚಿಕೊಳ್ಳುತ್ತದೆ. ಕರ್ನಾಟಕದಲ್ಲಿ ದನದ ವಧೆ 2020ರ ಕಾಯ್ದೆಯಡಿ ನಿಷಿದ್ಧ. ಮಾಂಸಕ್ಕೆಂದೇ ತಳಿಗಳನ್ನು ತೂಗಿ ನೋಡುವ ಪದ್ಧತಿ ನಮ್ಮಲ್ಲಿ ಅದಕ್ಕೂ ಮೊದಲು ಇರಲಿಲ್ಲ. ಆದರೂ ಈ ಕಥೆಯೊಳಗೆ ಕೃಷ್ಣೆಯ ದಡದ ಹೋರಿಯೊಂದು ನುಸುಳಿಕೊಂಡಿದೆ. ಅದಕ್ಕೆ ಆಮೇಲೆ ಬರೋಣ.

ಕಥೆ ನಡೆಯುವುದು ನೆಬ್ರಾಸ್ಕಾ ರಾಜ್ಯದ ಕ್ಲೇ ಸೆಂಟರ್ ಎಂಬ ಊರಿನ ಹತ್ತಿರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಮದ್ದುಗುಂಡು ಕೂಡಿಡಲು ಅಲ್ಲಿ ಭಾರೀ ದಾಸ್ತಾನು ಕಟ್ಟಿತ್ತು. ಯುದ್ಧ ಮುಗಿದು ಜಾಗ ಖಾಲಿ ಬಿದ್ದ ಮೇಲೆ, 1964ರಲ್ಲಿ ಸುಮಾರು 35,000 ಎಕರೆ ಕೃಷಿ ಇಲಾಖೆಯ ಪಾಲಿಗೆ ಬಂತು. ಈಗ ಅದು ಮಾಂಸದ ಪ್ರಾಣಿಗಳ ಸಂಶೋಧನಾ ಕೇಂದ್ರ. ಮಣ್ಣು ಮುಚ್ಚಿದ ಹಳೆಯ ಗುಂಡಿನ ಗೋದಾಮುಗಳು ಹುಲ್ಲುಗಾವಲಿನ ನಡುವೆ ಸಾಲು ಹುತ್ತಗಳ ಹಾಗೆ ಇನ್ನೂ ಇವೆ.

ಅಲ್ಲಿಯವರೆಗೆ ಅಮೆರಿಕದ ಬಹುಪಾಲು ರೈತರಿಗೆ ಮಾಂಸದ ದನ ಎಂದರೆ ಮೂರೇ: ಬಿಳಿ ಮುಖದ ಹರ್ಫರ್ಡ್, ಕಪ್ಪು ಆಂಗಸ್, ಶಾರ್ಟ್‌ಹಾರ್ನ್. ಮೂರೂ ಬ್ರಿಟನ್ನಿನ ಕಡೆಯವು. ಕಾಲುಬಾಯಿ ರೋಗದ ಭಯದಿಂದ ಯುರೋಪಿನ ದನಗಳಿಗೆ ಬಾಗಿಲು ಮುಚ್ಚಿತ್ತು. 1960ರ ದಶಕದಲ್ಲಿ ಕೆನಡಾ ಸೇಂಟ್ ಲಾರೆನ್ಸ್ ನದಿಯ ಒಂದು ದ್ವೀಪದಲ್ಲಿ ಕ್ವಾರಂಟೈನ್ ಠಾಣೆ ಮಾಡಿ ಯುರೋಪಿನ ಹೋರಿಗಳನ್ನು ಬಿಟ್ಟುಕೊಳ್ಳತೊಡಗಿತು. 1967ರಲ್ಲಿ ‘ಪರಿಸಿಯನ್’ ಎಂಬ ಸಿಮೆಂಟಲ್ ಹೋರಿ ಬಂತು. ಅದರ ಹಿಂದೆ ಲಿಮೋಸಿನ್, ಗೆಲ್ಬ್‌ವೀ, ಕಿಯಾನಿನಾ ಸಾಲಾಗಿ ಬಂದವು. ಹೋರಿ ಗಡಿ ದಾಟಬೇಕಾಗಿರಲಿಲ್ಲ, ವೀರ್ಯದ ಕಡ್ಡಿ ದಾಟಿದರೆ ಸಾಕಿತ್ತು. ನಮ್ಮ ತಳಿಯೇ ಬೇಗ ಬೆಳೆಯುತ್ತದೆ, ನಮ್ಮದರ ಮಾಂಸವೇ ಮೇಲು ಎಂದು ಒಂದೊಂದು ತಳಿಯ ಸಂಘವೂ ಕೂಗತೊಡಗಿತು. ಕೂಗಿದವರೆಲ್ಲ ವೀರ್ಯ ಮಾರುವವರೇ. ಇದನ್ನು ಯಾರಾದರೂ ಹೊರಗಿನವರು ತೂಗಿ ನೋಡಬೇಕಿತ್ತು. ಆ ಕೆಲಸಕ್ಕೆ ಕೂತವರು ಕ್ಲೇ ಸೆಂಟರ್‌ನ ಕೀತ್ ಗ್ರೆಗರಿ, ಲ್ಯಾರಿ ಕಂಡಿಫ್, ರಾಬರ್ಟ್ ಕೋಚ್ ಮತ್ತು ಅವರ ಜೊತೆಗಾರರು. ಮೊದಲ ಸುತ್ತಿನ ಕರುಗಳು ಹುಟ್ಟಿದ್ದು 1970ರಲ್ಲಿ.

ಅವರ ಉಪಾಯ ಸರಳ. ಒಬ್ಬನ ಹೊಲದ ಶಾರೊಲೇ ಎಂಬ ಫ್ರೆಂಚ್ ತಳಿಯ ಕರುವನ್ನು ಇನ್ನೊಬ್ಬನ ಹೊಲದ ಆಂಗಸ್ ಕರುವಿನ ಜೊತೆ ಹೋಲಿಸಿದರೆ, ನೀವು ಅಳೆಯುತ್ತಿರುವುದು ತಳಿಯನ್ನೋ, ಹೊಲದ ಹುಲ್ಲನ್ನೋ, ಯಜಮಾನನ ಕೈಗುಣವನ್ನೋ ಹೇಳಲಾಗದು. ಹಾಗಾಗಿ ತಾಯಂದಿರನ್ನು ಒಂದೇ ಮಾಡಿದರು. ಹರ್ಫರ್ಡ್ ಮತ್ತು ಆಂಗಸ್ ಹಸುಗಳ ದೊಡ್ಡ ಹಿಂಡು. ಅವಕ್ಕೆ ಬೇರೆ ಬೇರೆ ತಳಿಯ ಹೋರಿಗಳ ವೀರ್ಯ ಕೊಟ್ಟು ಕೃತಕ ಗರ್ಭಧಾರಣೆ. ಒಂದೇ ತಳಿಯ ಹೋರಿಗಳಲ್ಲೂ ಚೆನ್ನಾಗಿರುವುದು, ಪೋಲಿ ಬಿದ್ದದ್ದು ಎರಡೂ ಇರುತ್ತವಾದ್ದರಿಂದ ಪ್ರತಿ ತಳಿಗೂ ಹಲವು ಹೋರಿಗಳು. ಹುಟ್ಟಿದ ಕರುಗಳಿಗೆಲ್ಲ ಒಂದೇ ಹುಲ್ಲುಗಾವಲು, ಒಂದೇ ಕಾಳು, ಒಂದೇ ಕೈಯ ಆರೈಕೆ. ಹರ್ಫರ್ಡ್ ಮತ್ತು ಆಂಗಸ್ ಹೋರಿಗಳನ್ನು ಪ್ರತಿ ಸುತ್ತಿನಲ್ಲೂ ಉಳಿಸಿಕೊಂಡರು. ಆ ಜೋಡಿ ತಕ್ಕಡಿಯ ಬಟ್ಟು ಇದ್ದಂತೆ. 1972ರ ಕರುವನ್ನೂ 1992ರ ಕರುವನ್ನೂ ಅದೇ ಬಟ್ಟಿನಲ್ಲಿ ತೂಗಬಹುದು. ಹೀಗೆ ಎಂಟು ಸುತ್ತು, ಮೂವತ್ತಕ್ಕೂ ಹೆಚ್ಚು ತಳಿ.

ಇಷ್ಟಾದ ಮೇಲೂ ‘ಯಾವ ತಳಿ ಮೇಲು’ ಎಂಬುದಕ್ಕೆ ಒಂದು ಉತ್ತರ ಬರಲಿಲ್ಲ. ಬಂದದ್ದು ಎರಡು ಉತ್ತರ, ಒಂದಕ್ಕೊಂದು ಎದುರುಬದುರು.

ಕಾರಣ ಇಲ್ಲಿದೆ. ದನದ ಮೈ ತುಂಬುವುದಕ್ಕೆ ಒಂದು ಕ್ರಮ ಇದೆ: ಮೊದಲು ಮೂಳೆ, ಆಮೇಲೆ ಮಾಂಸಖಂಡ, ಕಡೆಗೆ ಕೊಬ್ಬು. ಕೊಬ್ಬಿನಲ್ಲೂ ಹೊಟ್ಟೆಯೊಳಗಿನದು, ಚರ್ಮದಡಿಯದು ಮುಂಚೆ. ಮಾಂಸದ ಎಳೆಗಳ ನಡುವೆ ಬಿಳಿ ಗೆರೆಗಳಾಗಿ ಕಾಣಿಸಿಕೊಳ್ಳುವ ಕೊಬ್ಬು ಎಲ್ಲಕ್ಕಿಂತ ತಡ. ಈ ಬಿಳಿ ಗೆರೆಗೇ ಮಾರ್ಬ್ಲಿಂಗ್ ಎನ್ನುತ್ತಾರೆ, ಅಮೃತಶಿಲೆಯ ಮೇಲಿನ ಎಳೆಗಳ ಹಾಗೆ ಕಾಣುವುದರಿಂದ. ಎಲ್ಲ ತಳಿಗೂ ಕ್ರಮ ಇದೇ, ಗಡಿಯಾರ ಮಾತ್ರ ಬೇರೆ. ಆಂಗಸ್, ಹರ್ಫರ್ಡ್, ಜರ್ಸಿ ಬೇಗ ಬಲಿತು ಬೇಗ ಕೊಬ್ಬು ಕಟ್ಟುತ್ತವೆ. ಶಾರೊಲೇ, ಸಿಮೆಂಟಲ್, ಕಿಯಾನಿನಾ ಬೆಳೆಯುತ್ತಲೇ ಇರುತ್ತವೆ, ಕೊಬ್ಬಿನ ಸರದಿ ಬರುವುದು ತಡ. ಈಗ ಪ್ರಶ್ನೆ: ಕೊಟ್ಟಿಗೆಯಲ್ಲಿ ಕಾಳು ತಿನ್ನಿಸುವುದನ್ನು ಯಾವಾಗ ನಿಲ್ಲಿಸಿ ಹೋಲಿಸುವುದು?

ಎಲ್ಲ ಕರುಗಳನ್ನೂ ಒಂದೇ ವಯಸ್ಸಿಗೆ ನಿಲ್ಲಿಸಿದರೆ ಶಾರೊಲೇ, ಸಿಮೆಂಟಲ್ ಹೋರಿಗಳ ಮಕ್ಕಳು ಸಲೀಸಾಗಿ ಮುಂದೆ. ತೂಕ ಹೆಚ್ಚು, ಕೊಬ್ಬು ಕೆರೆದು ತೆಗೆದ ಮೇಲೆ ಉಳಿಯುವ ಮಾಂಸ ಇನ್ನೂ ಹೆಚ್ಚು, ತಿಂದ ಕಾಳಿಗೆ ಬಂದ ತೂಕವೂ ಹೆಚ್ಚು. ಮಾಂಸಖಂಡದ ಮುಕ್ಕಾಲು ಪಾಲು ನೀರು. ಒಂದು ಕಿಲೋ ಮಾಂಸ ಕಟ್ಟಲು ಬೇಕಾದ ಕಾಳಿಗಿಂತ ಒಂದು ಕಿಲೋ ಕೊಬ್ಬು ಕಟ್ಟಲು ಬೇಕಾದ ಕಾಳು ಬಹಳ. ಕೊಬ್ಬಿನ ಕೆಲಸ ಇನ್ನೂ ಶುರುವಾಗದ ಕರುವಿಗೆ ಖರ್ಚು ಕಡಿಮೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಒಂದೇ ತೂಕಕ್ಕೆ ನಿಲ್ಲಿಸಿದರೂ ಗೆಲ್ಲುವವು ಅವೇ, ಏಕೆಂದರೆ ಆ ತೂಕ ಮುಟ್ಟುವ ಹೊತ್ತಿಗೆ ಅವು ಇನ್ನೂ ಎಳೆಯವು.

ಆದರೆ ‘ಇಷ್ಟು ಮಾರ್ಬ್ಲಿಂಗ್ ಬರುವವರೆಗೆ ತಿನ್ನಿಸಿ’ ಎಂದು ಗೆರೆ ಎಳೆದು ನೋಡಿ, ಆಟ ತಿರುಗಿತು. ಆಂಗಸ್ ಮಿಶ್ರಣ ಆ ಗೆರೆ ಮುಟ್ಟಿ ಕೊಟ್ಟಿಗೆ ಖಾಲಿ ಮಾಡಿ ಎಷ್ಟೋ ದಿನ ಆದ ಮೇಲೂ ದೊಡ್ಡ ತಳಿಯ ಕರು ತಿನ್ನುತ್ತಲೇ ಇರುತ್ತದೆ. ಗೆರೆ ಮುಟ್ಟುವಷ್ಟರಲ್ಲಿ ಅದರ ಮೈ ಕಾರ್ಖಾನೆಯ ಕೊಕ್ಕೆಗೂ ಹೋಟೆಲಿನ ತಟ್ಟೆಗೂ ಹೆಚ್ಚಾಗುವಷ್ಟು ದೊಡ್ಡದು, ಕಾಳಿನ ಉಳಿತಾಯ ಎಂದೋ ಕರಗಿರುತ್ತದೆ. ಕಿಯಾನಿನಾದ ಮಕ್ಕಳಂತೂ ಆ ಗೆರೆಯ ಹತ್ತಿರ ಸುಳಿಯುವುದೇ ಕಷ್ಟ. ಕರುಗಳು ಅವೇ, ಕಾಳು ಅದೇ, ಅಳತೆಗಾರರೂ ಅವರೇ. ಕಟ್ಟೆ ಹಾಕಿದ ಜಾಗ ಬದಲಾದದ್ದಕ್ಕೆ ಗೆದ್ದವರು ಬದಲಾದರು. ತಳಿ ಹೋಲಿಕೆಯ ಯಾವ ಪಟ್ಟಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಇದನ್ನೇ: ವಯಸ್ಸಿಗೆ ಸರಿದೂಗಿಸಿದ್ದಾರೋ, ತೂಕಕ್ಕೋ, ಕೊಬ್ಬಿಗೋ? ಅದನ್ನು ಹೇಳದ ಪಟ್ಟಿ ದಲ್ಲಾಳಿಯ ಮಾತಿಗೆ ಸಮ.

ಮಾರ್ಬ್ಲಿಂಗ್‌ಗೆ ಇಷ್ಟು ಬೆಲೆ ಯಾಕೆ? ಅಮೆರಿಕದ ಸರ್ಕಾರಿ ದರ್ಜೆ ನಿಂತಿರುವುದೇ ಅದರ ಮೇಲೆ. ಸುಲಿದ ದೇಹವನ್ನು ಹನ್ನೆರಡು ಮತ್ತು ಹದಿಮೂರನೇ ಪಕ್ಕೆಲುಬಿನ ನಡುವೆ ಅಡ್ಡ ಕತ್ತರಿಸುತ್ತಾರೆ. ಅಲ್ಲಿ ಕಾಣುವ ಬೆನ್ನಿನ ಮಾಂಸದ ದುಂಡು ಕಚ್ಚೇ ರಿಬ್‌ಐ. ಅದರ ಮೇಲಿನ ಬಿಳಿ ಗೆರೆ ನೋಡಿ, ಪ್ರಾಣಿಯ ವಯಸ್ಸಿನ ಗುರುತು ನೋಡಿ, ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ದರ್ಜೆ ಕೊಡುತ್ತಾರೆ. ಸೆಲೆಕ್ಟ್‌ಗೆ 1987ರವರೆಗೆ ‘ಗುಡ್’ ಎಂಬ ಹೆಸರಿತ್ತು. ಮಾಲು ಅದೇ, ಹೆಸರು ಮಾತ್ರ ಮೇಲೇರಿತು. ಚಾಯ್ಸ್ ಮತ್ತು ಸೆಲೆಕ್ಟ್ ನಡುವಿನ ಬೆಲೆಯ ಅಂತರ ಒಂದೊಂದು ವರ್ಷ ತೀರಾ ಕಿರಿದು, ಒಂದೊಂದು ವರ್ಷ ಕಣ್ಣು ಬಿಡುವಷ್ಟು. ಅಂತರ ಕಿರಿದಾದ ವರ್ಷ ಶಾರೊಲೇ ಸಾಕಿದವನು ನಗುತ್ತಾನೆ, ಹಿರಿದಾದ ವರ್ಷ ಆಂಗಸ್ ಸಾಕಿದವನು.

ಇಲ್ಲಿ ನಮ್ಮವರಿಗೆ ಅಚ್ಚರಿ ಎನಿಸುವ ಒಂದು ಸಂಗತಿ ಇದೆ. ಕ್ಲೇ ಸೆಂಟರ್‌ನ ಮೊದಲ ಸುತ್ತುಗಳಲ್ಲಿ ಮಾರ್ಬ್ಲಿಂಗ್‌ನಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ಯಾವ ಮಾಂಸದ ತಳಿಯೂ ಅಲ್ಲ, ಜರ್ಸಿ. ಬೆಳಗಾದರೆ ಡೈರಿಗೆ ಹಾಲು ಹಾಕುವ ಮನೆಗಳ ಅದೇ ಪುಟ್ಟ ಜರ್ಸಿ. ಮೆದುತನದಲ್ಲೂ ಅದು ಮೊದಲ ಸಾಲು. ಆದರೆ ಮೈಯಲ್ಲಿ ಮಾಂಸ ಕಡಿಮೆ, ಹೊಟ್ಟೆಯೊಳಗೆ ಕೊಬ್ಬು ಹೆಚ್ಚು, ಆ ಕೊಬ್ಬಿನ ಬಣ್ಣವೋ ಹಳದಿ. ಹುಲ್ಲಿನ ಹಳದಿ ಅಂಶವನ್ನು ಜರ್ಸಿ ಬೆಣ್ಣೆಗೂ ಕೊಬ್ಬಿಗೂ ಹಾಗೇ ದಾಟಿಸುತ್ತದೆ. ಬೆಣ್ಣೆ ಹಳದಿಯಾಗಿದ್ದರೆ ಗಿರಾಕಿ ಮೆಚ್ಚುತ್ತಾನೆ, ಮಾಂಸದ ಕೊಬ್ಬು ಹಳದಿಯಾಗಿದ್ದರೆ ಮುದಿ ದನ ಎಂದು ಮುಖ ತಿರುಗಿಸುತ್ತಾನೆ.

ಇನ್ನು ಹಿಣಿಲಿನ ಮಾತು.

ಮೂರನೇ ಸುತ್ತಿನಲ್ಲಿ, 1970ರ ದಶಕದ ನಡುವೆ, ಹಿಣಿಲಿನ ಎರಡು ತಳಿಗಳು ಬಂದವು: ಅಮೆರಿಕದ ಬ್ರಾಹ್ಮನ್ ಮತ್ತು ಪಂಜಾಬಿನ ಸಾಹಿವಾಲ್. ಅವುಗಳ ಮಕ್ಕಳು ಬೆಳವಣಿಗೆಯಲ್ಲಿ ಮರ್ಯಾದೆ ಉಳಿಸಿಕೊಂಡವು, ಸಿಕ್ಕಿಬಿದ್ದದ್ದು ಮೆದುತನದ ಪರೀಕ್ಷೆಯಲ್ಲಿ. ಆ ಪರೀಕ್ಷೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ‘ಮೆದು’ ಎಂಬ ನಾಲಿಗೆಯ ಮಾತನ್ನು ಅದು ತೂಕದ ಅಂಕಿಯಾಗಿ ಮಾಡಿಬಿಡುತ್ತದೆ. ಬೆನ್ನಿನ ಮಾಂಸದ ಒಂದು ಇಂಚು ದಪ್ಪದ ತುಂಡನ್ನು ನಡುವಿನ ಬಿಸಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸುತ್ತಾರೆ. ಆರಿಸುತ್ತಾರೆ. ಅರ್ಧ ಇಂಚು ಅಗಲದ ಕೊಳವೆಯಿಂದ, ಮಾಂಸದ ಎಳೆ ಹೋದ ದಿಕ್ಕಿನಲ್ಲೇ ಒತ್ತಿ, ಸೀಮೆಸುಣ್ಣದ ಕಡ್ಡಿಯಂತಹ ತುಂಡುಗಳನ್ನು ತೆಗೆಯುತ್ತಾರೆ. ಒಂದೊಂದನ್ನೂ ತ್ರಿಕೋನದ ಕಿಂಡಿ ಇರುವ ಮೊಂಡು ಅಲಗಿಗೆ ಕೊಟ್ಟು, ಎಳೆಗೆ ಅಡ್ಡಲಾಗಿ ಕತ್ತರಿಸಲು ಎಷ್ಟು ಬಲ ಬೇಕಾಯಿತು ಎಂದು ಓದಿಕೊಳ್ಳುತ್ತಾರೆ. ಇದನ್ನು ರೂಪಿಸಿದವರ ಹೆಸರಿನಲ್ಲಿ ಇದು ವಾರ್ನರ್–ಬ್ರಾಟ್ಜ್ಲರ್ ಅಳತೆ. ಹರ್ಫರ್ಡ್–ಆಂಗಸ್ ಮಿಶ್ರಣದ ತುಂಡಿಗೆ 7 ಪೌಂಡಿನ ಆಸುಪಾಸು ಬಲ ಸಾಕಾದರೆ, ಬ್ರಾಹ್ಮನ್ ಮಕ್ಕಳದ್ದಕ್ಕೆ 8 ಪೌಂಡ್ ದಾಟಿತು, ಸಾಹಿವಾಲ್ ಮಕ್ಕಳದ್ದು 9ರ ಹತ್ತಿರ ಹೋಯಿತು. ತಿಂದು ರುಚಿ ಹೇಳುವ ತರಬೇತಿ ಪಡೆದ ತಂಡದ ತೀರ್ಪೂ ಅದೇ ಆಯಿತು.

ಯಾಕೆ ಹೀಗೆ? ಹಿಣಿಲಿನ ದನದಲ್ಲಿ ಮಾರ್ಬ್ಲಿಂಗ್ ಕಡಿಮೆ, ಅದಕ್ಕೇ ಗಟ್ಟಿ ಎಂದು ಬಹಳ ದಿನ ನಂಬಿದ್ದರು. ಆದರೆ ಮಾರ್ಬ್ಲಿಂಗ್ ಸಮ ಇರುವ ತುಂಡುಗಳನ್ನೇ ಆರಿಸಿ ನೋಡಿದರೂ ವ್ಯತ್ಯಾಸ ಉಳಿಯಿತು. ಕ್ಲೇ ಸೆಂಟರ್‌ನಲ್ಲೇ ಮೊಹಮ್ಮದ್ ಕೂಹ್ಮರಾಯಿ ಮತ್ತು ಜೊತೆಗಾರರು ಇದರ ಗುಟ್ಟು ಹಿಡಿಯಲು ವರ್ಷಗಟ್ಟಲೆ ದುಡಿದರು. ಪ್ರಾಣ ಹೋದ ಮೇಲೂ ಮಾಂಸಖಂಡದೊಳಗೆ ಕೆಲಸ ನಿಲ್ಲುವುದಿಲ್ಲ. ಕ್ಯಾಲ್ಪೇನ್ ಎಂಬ ಕಿಣ್ವ ಎಳೆಗಳನ್ನು ಹಿಡಿದಿಟ್ಟ ಪ್ರೋಟೀನುಗಳನ್ನು ಅಲ್ಲಲ್ಲಿ ಕತ್ತರಿಸುತ್ತ ಹೋಗುತ್ತದೆ. ಸೊನ್ನೆಗಿಂತ ತುಸು ಮೇಲಿನ ತಂಪಿನಲ್ಲಿ ಎರಡು ವಾರ ತೂಗುಹಾಕಿದ ಮಾಂಸ ಮೆದುವಾಗುವುದು ಇದರ ದಯೆಯಿಂದ. ಈ ಕತ್ತರಿಗೆ ಒಂದು ಬ್ರೇಕೂ ಇದೆ, ಅದರ ಹೆಸರು ಕ್ಯಾಲ್ಪಾಸ್ಟಾಟಿನ್. ಹಿಣಿಲಿನ ದನದ ಮಾಂಸದಲ್ಲಿ ಬ್ರೇಕಿನ ಕಸುವು ಜಾಸ್ತಿ. ಕತ್ತರಿ ನಿಧಾನಿಸುತ್ತದೆ, ಎರಡು ವಾರ ಇಟ್ಟರೂ ಮಾಂಸ ಪೂರ್ತಿ ಸಡಿಲಗೊಳ್ಳುವುದಿಲ್ಲ.

ಇದನ್ನು ನಾಟಿ ಕೋಳಿಯ ಗಟ್ಟಿತನದ ಜೊತೆ ಸೇರಿಸಿಕೊಳ್ಳಬೇಡಿ. ಅಂಗಳದಲ್ಲಿ ವರ್ಷಗಟ್ಟಲೆ ಓಡಾಡಿದ ನಾಟಿ ಹುಂಜ ಗಟ್ಟಿಯಾಗುವುದು ಎಳೆಗಳ ಸುತ್ತ ಕಟ್ಟಿದ ಕೊಲಾಜನ್ ಎಂಬ ನಾರು ವಯಸ್ಸಿನೊಂದಿಗೆ ಬಲಿಯುವುದರಿಂದ. ನೀರು ಹಾಕಿ ಸಣ್ಣ ಉರಿಯಲ್ಲಿ ಹೊತ್ತು ಬೇಯಿಸಿದರೆ ಅದು ಕರಗಿ ಸಾರಿಗೆ ಅಂಟಿನ ಸವಿ ಕೊಡುತ್ತದೆ. ಕ್ಯಾಲ್ಪೇನ್ ಕಥೆ ಎಳೆಯ ಒಳಗಿನದು. ಹತ್ತು ನಿಮಿಷ ಕೆಂಡದ ಮೇಲಿಟ್ಟು ತಿನ್ನುವ ಸ್ಟೇಕಿನಲ್ಲಿ ಅದು ಹಲ್ಲಿಗೆ ತಗಲುತ್ತದೆ. ಬೆಳಿಗ್ಗೆ ಕೊಯ್ದು ಮಧ್ಯಾಹ್ನ ಸಾರಿಗೆ ಬೇಯಿಸುವ ನಮ್ಮ ಕಡೆಯ ಬಾಡಿನ ಅಡುಗೆಯಲ್ಲಿ ಕತ್ತರಿಗೂ ಬ್ರೇಕಿಗೂ ಸಮಯವೇ ಸಿಗುವುದಿಲ್ಲ. ‘ಮಾಂಸದ ಗುಣ’ ಎನ್ನುವುದರಲ್ಲಿ ಅರ್ಧ ಅಡುಗೆಮನೆಯ ಅಭಿಪ್ರಾಯ ಎಂದು ನನಗೆ ಅನ್ನಿಸುವುದು ಇಲ್ಲಿಯೇ. ಕ್ಲೇ ಸೆಂಟರ್‌ನ ಅಂಕಿ ಸ್ಟೇಕ್ ತಿನ್ನುವವರ ಅಂಕಿ.

ಬ್ರಾಹ್ಮನ್ ಎಂದರೆ ಯಾವ ದನ? ಹೆಸರು ಕೇಳಿ ನಮ್ಮಲ್ಲಿ ನಗುವವರಿದ್ದಾರೆ. ಆ ಹೆಸರಿನ ತಳಿ ಭಾರತದಲ್ಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಬಿಡಿಬಿಡಿಯಾಗಿ, 1906ರಲ್ಲಿ ಟೆಕ್ಸಾಸಿನ ಬೋರ್ಡನ್ ಎಂಬವರ ಮೂಲಕ ಒಂದು ತಂಡವಾಗಿ, ಆಮೇಲೆ ಬ್ರೆಜಿಲ್ಲಿನಿಂದ ಮೆಕ್ಸಿಕೋ ಹಾದು ಹೋದ ಭಾರತದ ದನಗಳನ್ನು ಬೆರೆಸಿ ಅಮೆರಿಕದ ದಕ್ಷಿಣದವರು ಮಾಡಿಕೊಂಡ ತಳಿ ಅದು. ಅದರ ಸಂಘ ಕಟ್ಟಿದ್ದು 1924ರಲ್ಲಿ. ಬೆರೆತ ರಕ್ತ ಮುಖ್ಯವಾಗಿ ಗುಜರಾತಿನ ಕಾಂಕ್ರೇಜ್, ಗಿರ್, ನೆಲ್ಲೂರು ಸೀಮೆಯ ಒಂಗೋಲ್. ನಾಲ್ಕನೆಯ ಹೆಸರು ಕೃಷ್ಣಾ ಕಣಿವೆ. ಬೆಳಗಾವಿ, ವಿಜಯಪುರ, ಸಾಂಗಲಿಯ ಎರೆ ಹೊಲದಲ್ಲಿ ನೇಗಿಲು ಹೂಳಿಕೊಂಡಾಗ ಎಳೆದು ತೆಗೆಯುವ ಭಾರೀ ಎತ್ತು ಬೇಕೆಂದು ಆ ಸೀಮೆಯ ಸಂಸ್ಥಾನಿಕರು ಬೆಳೆಸಿದ ತಳಿ. ಟ್ರ್ಯಾಕ್ಟರ್ ಬಂದ ಮೇಲೆ ಇಲ್ಲಿ ಅದರ ಹಿಂಡು ಕರಗಿ ತೀರಾ ಕಿರಿದಾಗಿದೆ. ಎರೆಯಲ್ಲಿ ದುಡಿಯಲೆಂದು ಹುಟ್ಟಿದ ದನದ ಮರಿಮಕ್ಕಳನ್ನು ನೆಬ್ರಾಸ್ಕಾದಲ್ಲಿ ಸ್ಟೇಕಿಗೆಂದು ಅಳೆದರು. ಅಂದಹಾಗೆ, ಶಾರೊಲೇಯೂ ಕಿಯಾನಿನಾವೂ ಹುಟ್ಟಿನಿಂದ ಮಾಂಸದ ತಳಿಗಳೇನಲ್ಲ. ಫ್ರಾನ್ಸಿನಲ್ಲಿ, ಇಟಲಿಯ ಟಸ್ಕನಿಯಲ್ಲಿ ಅವೂ ನೇಗಿಲು ಎಳೆದವೇ. ಅವರ ಎತ್ತು ಭಾರಕ್ಕೆ ಆರಿಸಿಬಂದದ್ದು. ನಮ್ಮ ಹಳ್ಳಿಕಾರ್, ಅಮೃತಮಹಲ್ ಓಟಕ್ಕೆ, ತಾಳಿಕೆಗೆ ಆರಿಸಿಬಂದವು. ಮೈಕಟ್ಟು ಬೇರೆಯಾದದ್ದು ಅಲ್ಲಿಂದ.

ಮಾಂಸ ಗಟ್ಟಿ ಎಂದು ಗೊತ್ತಾದ ಮೇಲೆ ಬ್ರಾಹ್ಮನ್ನನ್ನು ಬಿಟ್ಟುಬಿಡಬೇಕಿತ್ತಲ್ಲ? ಬಿಡಲಿಲ್ಲ, ಬಿಡಲಾಗುವುದೂ ಇಲ್ಲ. ಫ್ಲಾರಿಡಾ, ಲೂಸಿಯಾನಾ, ಟೆಕ್ಸಾಸ್ ಕರಾವಳಿಯ ಬಿಸಿಲಿಗೆ, ಉಣ್ಣಿಗೆ, ಒರಟು ಹುಲ್ಲಿಗೆ ಶುದ್ಧ ಆಂಗಸ್ ಸೋತು ನೆರಳು ಹುಡುಕುತ್ತದೆ. ಹಿಣಿಲಿನ ದನದ ಸಡಿಲ ತೊಗಲು, ಜೋಲುವ ಗಂಗೆದೊಗಲು, ಚುರುಕಾದ ಬೆವರಿನ ಗ್ರಂಥಿಗಳು, ಒಳಗೆ ಕಡಿಮೆ ಕಾವು ಹುಟ್ಟಿಸುವ ದೇಹ ಆ ಸೀಮೆಗೇ ಹೇಳಿ ಮಾಡಿಸಿದವು. ಅದಕ್ಕಿಂತ ದೊಡ್ಡ ಗುಣ ತಾಯ್ತನ. ಬ್ರಾಹ್ಮನ್ ಅಥವಾ ಸಾಹಿವಾಲ್ ಹೋರಿಗೆ ಹುಟ್ಟಿದ ಮಿಶ್ರತಳಿಯ ಕಡಸುಗಳು ಬೆಳೆದು ಹಸುವಾದಾಗ ಕ್ಲೇ ಸೆಂಟರ್‌ನ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ನಿಂತವು. ಹೆರಿಗೆಯ ತೊಡಕು ಇಲ್ಲವೆನ್ನುವಷ್ಟು ಕಡಿಮೆ, ಹಾಲು ಬಿಡಿಸುವ ಹೊತ್ತಿಗೆ ಕರುವಿನ ತೂಕ ಭರ್ಜರಿ.

ಹೆರಿಗೆಯಲ್ಲಿ ಒಂದು ವಿಚಿತ್ರ ಇದೆ. ಆಂಗಸ್ ಹಸುವಿಗೆ ಬ್ರಾಹ್ಮನ್ ಹೋರಿ ಬಿಟ್ಟರೆ ಕರು ದೊಡ್ಡದಾಗಿ ಹುಟ್ಟಿ ತಾಯಿಗೆ ಕಷ್ಟ ಕೊಡುತ್ತದೆ. ಅದೇ ಬ್ರಾಹ್ಮನ್ ಹಸುವಿಗೆ ಆಂಗಸ್ ಹೋರಿ ಬಿಟ್ಟರೆ ಪುಟ್ಟ ಕರು. ಅರ್ಧ ಅರ್ಧ ರಕ್ತ ಎರಡು ಕಡೆಯೂ ಒಂದೇ. ಹೊತ್ತ ಒಡಲು ಯಾರದ್ದು, ಹೋರಿ ಯಾವ ಕಡೆಯದು ಎಂಬುದರ ಮೇಲೆ ಹುಟ್ಟುವ ತೂಕ ಬದಲಾಗುತ್ತದೆ. ‘ಬ್ರಾಹ್ಮನ್–ಆಂಗಸ್ ಮಿಶ್ರತಳಿ’ ಎಂದಷ್ಟೇ ಬರೆದರೆ ಅರ್ಧ ಮಾಹಿತಿ. ಅಪ್ಪ ಯಾರು, ಅಮ್ಮ ಯಾರು ಹೇಳಬೇಕು.

ಮಿಶ್ರಣದಿಂದ ಬರುವ ಹುರುಪಿಗೆ ನಮ್ಮ ಉತ್ತರ ಕರ್ನಾಟಕದ ರೈತರಿಗೆ ವಿವರಣೆ ಬೇಕಿಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ಹತ್ತಿಯ ಎರಡು ಬೇರೆ ಜಾತಿಗಳನ್ನು ಕೂಡಿಸಿ ವರಲಕ್ಷ್ಮಿ ಹೈಬ್ರಿಡ್ ತಂದರು. ಎರಡು ತಾಯಿಗಿಡಗಳು ಎಷ್ಟು ದೂರದವೋ ಹುರುಪು ಅಷ್ಟು ಹೆಚ್ಚು. ಮಾರನೇ ವರ್ಷ ಅದೇ ಬೀಜ ಬಿತ್ತಿದರೆ ಅರ್ಧ ಹುರುಪು ಮಾಯ. ದನದಲ್ಲೂ ಇದೇ. ಆಂಗಸ್–ಹರ್ಫರ್ಡ್ ಹತ್ತಿರದ ನೆಂಟರು, ಹುರುಪು ಸಾಧಾರಣ. ಹಿಣಿಲಿನ ದನ ಮತ್ತು ಹಿಣಿಲಿಲ್ಲದ ದನ ಲಕ್ಷಾಂತರ ವರ್ಷ ದೂರ ಇದ್ದವು, ಕೂಡಿದಾಗ ಹುರುಪು ಉಕ್ಕುತ್ತದೆ. ಹತ್ತಿರದ ನೆಂಟರಲ್ಲೂ ಲೆಕ್ಕ ಚಿಕ್ಕದಲ್ಲ. ನೆಬ್ರಾಸ್ಕಾದ ಫೋರ್ಟ್ ರಾಬಿನ್ಸನ್ನಿನಲ್ಲಿ 1957ರಲ್ಲಿ ಆರಂಭಿಸಿದ ಹರ್ಫರ್ಡ್, ಆಂಗಸ್, ಶಾರ್ಟ್‌ಹಾರ್ನ್ ಪ್ರಯೋಗದಲ್ಲಿ, ಕರುವೂ ಅದರ ತಾಯಿಯೂ ಮಿಶ್ರತಳಿಯಾದಾಗ, ಗರ್ಭಕ್ಕೆಂದು ಬಿಟ್ಟ ತಲಾ ಹಸುವಿಗೆ ಕೈಗೆ ಬಂದ ಕರುವಿನ ತೂಕ ಸುಮಾರು 23% ಏರಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಾಯಿಯ ಮಿಶ್ರತನದ ಕೊಡುಗೆ.

ಈ ಹುರುಪು ಎಲ್ಲೆಲ್ಲೂ ಒಂದೇ ಸಮ ಹರಿಯುವುದಿಲ್ಲ. ಗಬ್ಬ ನಿಲ್ಲುವುದು, ಕರು ಬದುಕುಳಿಯುವುದು, ಹಸು ಎಷ್ಟು ವರ್ಷ ಬಾಳುತ್ತದೆ ಎಂಬಲ್ಲಿ ಧಾರಾಳ, ಬೆಳವಣಿಗೆಯಲ್ಲಿ ಮಧ್ಯಮ, ಮಾರ್ಬ್ಲಿಂಗ್, ಮೆದುತನದಲ್ಲಿ ಹೆಚ್ಚುಕಡಿಮೆ ಇಲ್ಲ. ಮಾಂಸದ ಗುಣ ಅಪ್ಪ ಅಮ್ಮನ ಸರಾಸರಿಯ ಹತ್ತಿರವೇ ಕೂರುತ್ತದೆ. ಹಾಗಾಗಿ ಗಟ್ಟಿ ಮಾಂಸದ ಎರಡು ತಳಿ ಕೂಡಿಸಿ ಮೆದು ಮಾಂಸ ಬರಲಿ ಎಂದು ಕಾಯುವುದು ವ್ಯರ್ಥ.

ದಪ್ಪ ಸ್ನಾಯುವಿನ ಬೆಲ್ಜಿಯನ್ ಬ್ಲೂ ಕಥೆ ಇನ್ನೊಂದು ತೆರನದು. ಅದರ ತೊಡೆ ನೋಡಿದರೆ ಗರಡಿ ಪೈಲ್ವಾನ. ಸ್ನಾಯು ಇಷ್ಟೇ ಬೆಳೆಯಲಿ ಎಂದು ತಡೆಯುವ ಮಯೋಸ್ಟಾಟಿನ್ ಎಂಬ ಜೀನ್ ಅದರಲ್ಲಿ ಕೆಟ್ಟಿದೆ. ಇದು ಪತ್ತೆಯಾದದ್ದು 1997ರಲ್ಲಿ. ಇಟಲಿಯ ಪಿಯಮೊಂಟೀಸ್‌ನಲ್ಲಿ ಅದೇ ಜೀನ್ ಬೇರೆ ಜಾಗದಲ್ಲಿ ಕೆಟ್ಟಿದೆ. ಕೊಬ್ಬು ಬಹಳ ಕಡಿಮೆ, ಆದರೂ ಮಾಂಸ ಮೆದು. ಮಾರ್ಬ್ಲಿಂಗ್ ಇಲ್ಲದಿದ್ದರೆ ಮೆದುತನ ಇಲ್ಲ ಎಂಬ ನಂಬಿಕೆಗೆ ಇದು ಇನ್ನೊಂದು ಪೆಟ್ಟು. ಬೆಲೆ ತೆರುವುದು ತಾಯಿ: ಬೆಲ್ಜಿಯಂನಲ್ಲಿ ಶುದ್ಧ ತಳಿಯ ಹೆರಿಗೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಸಿಸೇರಿಯನ್. ಮಿಶ್ರತಳಿಯ ಕರುವಿಗೆ ಕೆಟ್ಟ ಜೀನ್‌ನ ಒಂದೇ ಪ್ರತಿ ಸಿಗುವುದರಿಂದ ಮಾಂಸದ ಲಾಭ ಸಾಕಷ್ಟು ಸಿಕ್ಕಿ, ಹೆರಿಗೆಯ ಪಾಡು ತಗ್ಗುತ್ತದೆ.

ಬಿಸಿಲು ತಾಳುವ ತಳಿಗೆ ಗಟ್ಟಿ ಮಾಂಸ ಕಟ್ಟಿಟ್ಟದ್ದೇ? ಐದನೇ ಸುತ್ತಿನಲ್ಲಿ ಜಿಂಬಾಬ್ವೆಯ ಟುಲಿ ತಳಿಯನ್ನು ತಂದು ನೋಡಿದರು. ಮೆದುತನದಲ್ಲಿ ಅದರ ಮಕ್ಕಳು ಹರ್ಫರ್ಡ್–ಆಂಗಸ್ ಮಕ್ಕಳ ಪಕ್ಕ ನಿಂತವು. ಎರಡು ಗುಣಕ್ಕೂ ಗಂಟು ಬಿದ್ದಿಲ್ಲ ಎಂದು ಸಾಬೀತಾಯಿತು. ಆದರೆ ಟುಲಿ ಮಕ್ಕಳು ಬ್ರಾಹ್ಮನ್ ಮಕ್ಕಳಷ್ಟು ತೂಗಲಿಲ್ಲ, ಕರುವನ್ನು ತೂಕಕ್ಕೆ ಮಾರುವ ರೈತ ಒಲಿಯಲಿಲ್ಲ.

ಈ ಎಲ್ಲ ಅಂಕಿಗಳೂ ಹಳಸುತ್ತವೆ. 1970ರ ದಶಕದ ಪಟ್ಟಿ ಹಿಡಿದು ‘ಶಾರೊಲೇ ಮುಂದೆ ಆಂಗಸ್ ಕುಳ್ಳ’ ಎಂದು ಈಗ ಹೇಳಿದರೆ ತಪ್ಪಾಗುತ್ತದೆ. ಯುರೋಪಿನ ತಳಿಗಳ ಪೈಪೋಟಿಗೆ ಬೆಚ್ಚಿದ ಆಂಗಸ್, ಹರ್ಫರ್ಡ್ ಸಾಕಣೆದಾರರು ತಲೆಮಾರಿನಿಂದ ತಲೆಮಾರಿಗೆ ಬೆಳವಣಿಗೆಗೇ ಹೋರಿ ಆರಿಸುತ್ತ ಹೋದರು. ಯುರೋಪಿನ ತಳಿ ಸಾಕಿದವರು ಹೆರಿಗೆಯ ತೊಡಕಿಗೆ ಹೆದರಿ ಹುಟ್ಟಿನ ತೂಕ ತಗ್ಗಿಸುತ್ತ ಬಂದರು. ಏಳನೇ ಸುತ್ತಿನಲ್ಲಿ, 1999ರ ಸುಮಾರಿಗೆ ಹುಟ್ಟಿದ ಕರುಗಳನ್ನು ತೂಗಿದಾಗ, ಬೆಳವಣಿಗೆಯ ಹಳೆಯ ಅಂತರ ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಮಾರ್ಬ್ಲಿಂಗ್‌ನಲ್ಲಿ ಆಂಗಸ್, ಕೊಬ್ಬಿಲ್ಲದ ಮಾಂಸದಲ್ಲಿ ಯುರೋಪಿನವು ಎಂಬ ಅಂತರ ಉಳಿಯಿತು. ಕ್ಲೇ ಸೆಂಟರ್ 1993ರಿಂದ ಒಂದು ತಳಿಯ ಹೋರಿಯನ್ನು ಇನ್ನೊಂದು ತಳಿಯ ಹೋರಿಯ ಜೊತೆ ಹೋಲಿಸಲು ಬೇಕಾದ ಪರಿಷ್ಕೃತ ಅಂಕಿಗಳನ್ನು ವರ್ಷವರ್ಷವೂ ಕೊಡುತ್ತ ಬಂದದ್ದು ಇದಕ್ಕೇ. ಇನ್ನು ಬಣ್ಣದ ಆಟ: ಕಪ್ಪು ತೊಗಲಿಗೆ ಬೆಲೆ ಬಂದದ್ದೇ, ಹಳದಿ–ಕೆಂಪು ಬಣ್ಣದ ಸಿಮೆಂಟಲ್, ಬಂಗಾರದ ಬಣ್ಣದ ಲಿಮೋಸಿನ್ ಅಮೆರಿಕದಲ್ಲಿ ಆಂಗಸ್ ರಕ್ತ ಸೇರಿಸಿಕೊಂಡು ಕಪ್ಪಾಗಿಬಿಟ್ಟವು. ಸ್ವಿಟ್ಜರ್‌ಲೆಂಡಿನ ರೈತ ನೋಡಿದರೆ ಇದು ಯಾವ ದನ ಎಂದು ಕೇಳಿಯಾನು.

ಟೆಕ್ಸಾಸ್ ಕರಾವಳಿಯ ರೈತ ಇದನ್ನೆಲ್ಲ ಹೊಲದಲ್ಲಿ ಹೇಗೆ ಜೋಡಿಸುತ್ತಾನೆ? ಹರ್ಫರ್ಡ್ ಮತ್ತು ಬ್ರಾಹ್ಮನ್ ಕೂಡಿಸಿ ಮಿಶ್ರತಳಿಯ ಕಡಸು ಹುಟ್ಟಿಸುತ್ತಾನೆ. ಬಿಳಿ ಮುಖ, ಮೈಮೇಲೆ ಕಂದು–ಕಪ್ಪು ಪಟ್ಟೆ. ‘ಟೈಗರ್ ಸ್ಟ್ರೈಪ್’ ಎಂದು ಕರೆಯುತ್ತಾರೆ, ಸಂತೆಯಲ್ಲಿ ಅದಕ್ಕೆ ಬೇಡಿಕೆಯೂ ಜೋರು. ಅದು ಹಸುವಾಗಿ ಬಿಸಿಲಿನಲ್ಲೇ ಮೇದು, ವರ್ಷಕ್ಕೊಂದು ಕರು ಹಾಕಿ, ಮೈತುಂಬ ಹಾಲೂಡುತ್ತದೆ. ಅದಕ್ಕೆ ಆಂಗಸ್ ಅಥವಾ ಶಾರೊಲೇ ಹೋರಿ ಬಿಡುತ್ತಾನೆ. ಹುಟ್ಟುವ ಕರುವಿನಲ್ಲಿ ಹಿಣಿಲಿನ ರಕ್ತ ಕಾಲು ಪಾಲು. ಗಟ್ಟಿತನ ರಕ್ತದ ಪಾಲಿನ ಜೊತೆ ಏರುತ್ತದೆಯಾದ್ದರಿಂದ ಕಾಲು ಪಾಲಿನಲ್ಲಿ ಅದು ಅಷ್ಟಾಗಿ ನಾಲಿಗೆಗೆ ಸಿಗುವುದಿಲ್ಲ. ಈ ಕರುಗಳನ್ನು ಹರಾಜಿಗೆ ತಂದಾಗ ಉತ್ತರದ ಫೀಡ್‌ಲಾಟುಗಳ, ಅಂದರೆ ಕಾಳು ತಿನ್ನಿಸಿ ಕೊಬ್ಬಿಸುವ ದೊಡ್ಡ ಕೊಟ್ಟಿಗೆಗಳ, ಖರೀದಿದಾರರಿಗೆ ಮಾರ್ಬ್ಲಿಂಗ್ ಕಾಣದು, ಕ್ಯಾಲ್ಪಾಸ್ಟಾಟಿನ್ ಕಾಣದು. ಅವರು ನೋಡುವುದು ಕಿವಿ, ಹಿಣಿಲಿನ ರಕ್ತದ ಗುರುತು ಅದು. ತುಸು ಉದ್ದವಾಗಿ ಜೋಲಿದ್ದರೆ ‘ಇದರಲ್ಲಿ ಕಿವಿ ಇದೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಪೌಂಡಿಗೆ ಇಷ್ಟು ಸೆಂಟ್ ಎಂದು ಕಡಿತ ಹಾಕುತ್ತಾರೆ. ರೈತನೂ ಇದನ್ನು ಬಲ್ಲ. ಕಡಿತವನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಉಣ್ಣಿಗೂ ಬಿಸಿಲಿಗೂ ಸಾಯದೆ ಉಳಿದ ಕರುಗಳ ಎಣಿಕೆಯಲ್ಲಿ ಅದನ್ನು ವಾಪಸು ಪಡೆದುಕೊಂಡು ಮನೆಗೆ ಹೋಗುತ್ತಾನೆ.